ಮೆಟ್ಟಿಲ ಕೆಳಗಿನ ಪೆಟ್ಟಿಗೆ

ಮಾರ್ಚ್ 3, ಸೋಮವಾರ

ಸಂಜೆ ಆರೂ ಹತ್ತಕ್ಕೆ ವೋಲ್ಟೇಜು 166ಕ್ಕೆ ಇಳಿದು ಯಂತ್ರ ನಿಂತುಹೋಯಿತು. ವರದಿ ಅಕ್ಕನದು. ನಾನು ಆಗ ಬಸ್ಸಿನಲ್ಲಿದ್ದೆ.

ಬಾಗಿಲು ತೆಗೆದಾಗ ಯಂತ್ರ ಪೀಂ ಪೀಂ ಎಂದು ಕೂಗುತ್ತಿತ್ತು. ಅಕ್ಕ ಮಂಚದ ಅಂಚಿನಲ್ಲಿ ಕುಳಿತು, ಎರಡೂ ಕೈಯಿಂದ ಸಿಲಿಂಡರಿನ ಕೀ ತಿರುಗಿಸಿ, ಮೂಗಿನ ಕೊಳವೆಯನ್ನು ಅದಕ್ಕೆ ಸಿಕ್ಕಿಸಿಕೊಂಡಿದ್ದಳು.

"ಮುಳ್ಳು ನಿಂತ ಮೇಲೇ ನೋಡಿದ್ದು. ನೂರ ಅರವತ್ತಾರು. ಬರೆದಿಡು," ಅಂದಳು.

ದೂರಿಗೆ ಬೇಕಾಗಬಹುದೆಂದು ಬರೆದಿಡುತ್ತಿದ್ದೇನೆ. ಅಕ್ಕನ ಶ್ವಾಸಕೋಶಕ್ಕೆ ದಿನಕ್ಕೆ ಹದಿನಾರು ಗಂಟೆ ಆಮ್ಲಜನಕ ಬೇಕೆಂದು ಡಾಕ್ಟರು ಹೇಳಿ ಎಂಟು ತಿಂಗಳಾಯಿತು. ಗಾಳಿಯಿಂದ ಅದನ್ನು ಹಿಂಡಿಕೊಡುವ ಯಂತ್ರ ಮಂಚದ ಪಕ್ಕದಲ್ಲಿದೆ. ಯಂತ್ರಕ್ಕೂ ಗೋಡೆಗೂ ನಡುವೆ ಸ್ಟೆಬಿಲೈಸರ್ ಇದೆ. 170ರವರೆಗೆ ಅದು ಸಂಭಾಳಿಸುತ್ತದೆ, ಅದಕ್ಕಿಂತ ಇಳಿದರೆ ಅದೂ ಕೈಚೆಲ್ಲುತ್ತದೆ. ಅದರ ಮುಖದ ಮೇಲಿನ ಮುಳ್ಳನ್ನು ಅಕ್ಕ ಮಲಗಿದಲ್ಲಿಂದಲೇ ಓದುತ್ತಾಳೆ. ಧಾನ್ಯದ ಗೋದಾಮಿನಲ್ಲಿ ಲಾರಿ ತೂಗುವ ಕಟ್ಟೆಯ ಮೇಲೆ ಮೂವತ್ತೊಂದು ವರ್ಷ ಮುಳ್ಳು ಓದಿದವಳು. ಆ ಸಂಬಳದಲ್ಲಿ ನನ್ನನ್ನು ಓದಿಸಿದವಳು.

ಸಿಲಿಂಡರು ತುಂಬಿದ್ದರೆ ಐದು ಗಂಟೆ ಬರುತ್ತದೆ. ಇವತ್ತು ಒಂದೂವರೆ ಗಂಟೆ ಖರ್ಚಾಯಿತು.

ಮಾರ್ಚ್ 4, ಮಂಗಳವಾರ

ವಿದ್ಯುತ್ ಕಚೇರಿಯಲ್ಲಿ ದೂರು ದಾಖಲಾಯಿತು. ಮೂರು ಕೆಲಸದ ದಿನಗಳೊಳಗೆ ಬರುತ್ತಾರೆಂದು ಫೋನೆತ್ತಿದ ಹೆಣ್ಣುಮಗಳು ತಿಳಿಸಿದಳು. ಮಾತು ಮರ್ಯಾದೆಯಿಂದಿತ್ತು.

ನಮ್ಮ ಕಚೇರಿಯಲ್ಲಿ ಹತ್ತೊಂಬತ್ತು ದೂರು. ನೀರು ಸರಬರಾಜಿನ ದೂರು ಕಿಟಕಿಯಲ್ಲಿ ಕೂತು ನನಗೆ ಹನ್ನೆರಡು ವರ್ಷ. ಗುಂಡಿ ದಾರ ಮಾರುವ ಅಂಗಡಿಯಾಕೆ ಮತ್ತೆ ಬಂದಿದ್ದಳು. ಅವಳ ಮನೆಯ ನಲ್ಲಿಯಲ್ಲಿ ನೀರು ನೂಲಿನಂತೆ ಬರುತ್ತದಂತೆ.

"ಅಮ್ಮಾ, ಮೀಟರಿನಿಂದ ಆಚೆ ನಮ್ಮದು, ಈಚೆ ನಿಮ್ಮದು. ನಿಮ್ಮ ಪೈಪು ತುಕ್ಕು ಹಿಡಿದಿರಬೇಕು."

"ಪೈಪು ಹೊಸದು ಸ್ವಾಮಿ."

"ಹಾಗಿದ್ರೆ ಕೊಳಾಯಿಯವನಿಗೆ ತೋರಿಸಿ."

ಹೋದಳು. ಈ ವಿಷಯದಲ್ಲಿ ನಿಯಮ ಸ್ಪಷ್ಟವಾಗಿದೆ.

ಮಾರ್ಚ್ 7, ಶುಕ್ರವಾರ

ವೋಲ್ಟೇಜು 229. ಅಳೆದದ್ದು ಲೈನ್‌ಮನ್.

ಅರ್ಧ ದಿನ ರಜೆ ಹಾಕಿದ್ದೆ. ಅವನು ಹನ್ನೊಂದಕ್ಕೆ ಬರುತ್ತಾನೆಂದು ಹತ್ತೂ ಮುಕ್ಕಾಲಿಗೇ ಸಿದ್ಧ ಮಾಡಿಟ್ಟೆ. ನಮ್ಮ ನೀರಿನ ಕಚೇರಿಯಲ್ಲಿ, ರಿಪೇರಿಯವನು ಬರುವ ಮುಂಚೆ ವಾಲ್ವ್ ಮುಚ್ಚಿಡದ ಮನೆಯವರನ್ನು ಕಂಡರೆ ಎಲ್ಲರಿಗೂ ಸಿಟ್ಟು. ಕೈಯೆಲ್ಲ ಒದ್ದೆ, ಕೆಲಸ ಎರಡರಷ್ಟು. ಹಾಗಾಗಿ ಫ್ರಿಜ್, ಫ್ಯಾನು, ನೀರು ಕಾಯಿಸುವ ಹೀಟರು, ದೀಪ ಎಲ್ಲವನ್ನೂ ಆರಿಸಿದೆ. ಅಕ್ಕನನ್ನು ಸಿಲಿಂಡರಿಗೆ ಬದಲಿಸಿ ಯಂತ್ರದ ಪ್ಲಗ್ಗನ್ನೂ ಕಿತ್ತಿಟ್ಟೆ.

ಅವನು ಪ್ಲಗ್ಗಿನ ತೂತಿಗೆ ಎರಡು ಕಡ್ಡಿ ಚುಚ್ಚಿ, "ಇನ್ನೂರಿಪ್ಪತ್ತೊಂಬತ್ತು ಸಾರ್," ಅಂದ. "ಇಷ್ಟು ನಮ್ಮನೇಲೂ ಬರಲ್ಲ."

"ಸಂಜೆ ಹೊತ್ತು ಬೀಳುತ್ತೆ."

"ಸಂಜೆ ಹೊತ್ತು ನಾನೂ ಬಿದ್ದಿರ್ತೀನಿ ಸಾರ್. ಡ್ಯೂಟಿ ಐದರವರೆಗೆ."

ಚೀಟಿಯಲ್ಲಿ "ದೋಷ ಕಂಡುಬಂದಿಲ್ಲ" ಎಂದು ಬರೆದು ನನ್ನ ಸಹಿ ತೆಗೆದುಕೊಂಡ. ಮನೆ ಇಷ್ಟು ಅಚ್ಚುಕಟ್ಟಾಗಿ ಸಿದ್ಧ ಮಾಡಿಟ್ಟವರು ಕಡಿಮೆ ಎಂದು ಹೋಗುವಾಗ ಹೊಗಳಿದ.

ಮಾರ್ಚ್ 10, ಸೋಮವಾರ

ಆರೂ ಇಪ್ಪತ್ತಕ್ಕೆ 163. ಯಂತ್ರ ನಿಂತಿತು. ಹೇಳಿದ್ದು ಅಕ್ಕ. ಎರಡನೇ ದೂರು ಕೊಟ್ಟೆ.

ಹೀಟರು ಆರಿಸಿದರೆ ಮುಳ್ಳು 181ಕ್ಕೆ ಏರುತ್ತದೆ. ಇನ್ನು ಹೀಟರು ಹಾಕುವುದಿಲ್ಲ. ಅಕ್ಕನ ಸ್ನಾನಕ್ಕೆ ಒಲೆಯ ಮೇಲೆ ನೀರು ಕಾಯಿಸಿದರಾಯಿತು.

ಮಾರ್ಚ್ 13, ಗುರುವಾರ

ಕಟ್ಟಡದ ವೈರಿಂಗಿಗೂ ಬೀದಿಯ ಕರೆಂಟಿಗೂ ತನಗೂ ಸಂಬಂಧವಿಲ್ಲವೆಂದು ಮನೆಯೊಡತಿ ಫೋನಿನಲ್ಲಿ ತಿಳಿಸಿದರು.

"ನೋಡಿ ಇವ್ರೇ, ಬಾಗಿಲ ಚಿಲಕ ಕೆಟ್ರೆ ನಾನು. ಗೋಡೆ ಉದುರಿದ್ರೆ ನಾನು. ಕರೆಂಟು ಕಡಿಮೆ ಬಂದ್ರೆ ನಾನೇನು ಜನರೇಟರಾ?"

"ಮೇಡಂ, ಕೆಳಗಿನ ಮಹಡಿಯವರಿಗೆ ಸರಿಯಾಗಿ ಬರ್ತಿದೆ. ನಮಗೊಬ್ಬರಿಗೇ ಹೀಗೆ."

"ಮತ್ತೆ ತಪ್ಪು ನಿಮ್ಮ ಸಾಮಾನಿನದೇ ಆಯ್ತಲ್ಲ. ಆ ಮಿಷನ್ನು ಎಷ್ಟು ಎಳೆಯುತ್ತೋ ಏನೋ."

ಯಂತ್ರ ಎಳೆಯುವುದು ಮೂರು ದೀಪ, ಒಂದು ಫ್ಯಾನಿನಷ್ಟು. ಹೇಳುವಷ್ಟರಲ್ಲಿ ಫೋನು ಇಟ್ಟಿದ್ದರು. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಜನರೇಟರೇ ಇರಬೇಕು ಕಣೋ," ಅಂದಳು. "ಶಬ್ದ ಹಾಗೇ ಇದೆ."

ನಗು ಬಂತು ಅವಳಿಗೆ. ನಗುವಿನ ಹಿಂದೆ ಕೆಮ್ಮು ಬಂದು, ನಿಲ್ಲಲು ಹತ್ತು ನಿಮಿಷವಾಯಿತು.

ಮಾರ್ಚ್ 14, ಶುಕ್ರವಾರ

ಎರಡನೇ ದೂರಿಗೂ ಅದೇ ಲೈನ್‌ಮನ್ ಬಂದ. 231. ಹಿಂದಿನಂತೆ ಎಲ್ಲ ಆರಿಸಿಟ್ಟಿದ್ದೆ. ದೋಷ ಕಂಡುಬಂದಿಲ್ಲ. ಅಕ್ಕ ಅವನಿಗೆ ಇನ್ನೂರಿಪ್ಪತ್ತೊಂಬತ್ತು ಎಂದು ಹೆಸರಿಟ್ಟಿದ್ದಾಳೆ. "ಇವತ್ತು ಎರಡು ಜಾಸ್ತಿ ಆಯ್ತು. ಬಡ್ತಿ ಸಿಕ್ಕಿರಬೇಕು."

ಫ್ರಿಜ್ ಇವತ್ತಿನಿಂದ ಬಂದ್. ಹಾಲು ದಿನಾ ತಂದರಾಯಿತು.

ಮಾರ್ಚ್ 17, ಸೋಮವಾರ

ದೋಷ ಮನೆಯೊಳಗೆ ಇಲ್ಲ. ಪರೀಕ್ಷಿಸಿದ್ದು ವೈರಿಂಗ್ ಮೇಸ್ತ್ರಿ, ನಾನೇ ಕರೆಸಿದ್ದೆ.

ಮನೆಯ ಒಂದೊಂದೇ ಸ್ವಿಚ್ಚು ಬಿಚ್ಚಿ ನೋಡಿ, ಮೆಟ್ಟಿಲಿಳಿದು ಹೋದ. ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಮೀಟರುಗಳ ಸಾಲು. ಒಂದೊಂದು ಮೀಟರಿನ ಕೆಳಗೂ ಬೀದಿಯ ತಂತಿ ಬಂದು ಸೇರುವ ಕಬ್ಬಿಣದ ಪೆಟ್ಟಿಗೆ, ಅಂಗೈಯಗಲ. ನಮ್ಮದರ ಹತ್ತಿರ ಮೂಗು ಒಯ್ದ.

"ವಾಸನೆ ಬರ್ತಿದೆಯಾ ಸಾರ್?"

ಬರುತ್ತಿತ್ತು. ಸುಟ್ಟ ರಬ್ಬರಿನದು. ಪೆಟ್ಟಿಗೆ ಕೈಗೆ ಬೆಚ್ಚಗಿತ್ತು.

"ಒಳಗೆ ಸ್ಕ್ರೂ ಸಡಿಲ ಆಗಿ ತಂತಿ ಕರಕಲಾಗ್ತಿದೆ. ಹತ್ತು ನಿಮಿಷದ ಕೆಲಸ."

"ಮಾಡಿಬಿಡಪ್ಪಾ."

ಅವನು ಟಾರ್ಚು ಹಾಯಿಸಿ ತೋರಿಸಿದ. ಮುಚ್ಚಳದ ತೂತಿನಲ್ಲಿ ತಂತಿ ತೂರಿಸಿ, ತುದಿಗೆ ಸೀಸದ ಗುಂಡು ಹಿಸುಕಿ ವಿದ್ಯುತ್ ಕಚೇರಿಯ ಸೀಲು ಒತ್ತಿತ್ತು.

"ಸೀಲು ಮುಟ್ಟಿದ್ರೆ ಕಳ್ಳತನದ ಕೇಸು ಹಾಕ್ತಾರೆ ಸಾರ್. ನನ್ನ ಲೈಸೆನ್ಸೂ ಹೋಗುತ್ತೆ. ಅವರನ್ನೇ ಕರೀರಿ." ಬಂದ ದಾರಿಗೆ ಸುಂಕವಿಲ್ಲದವನಂತೆ ಹೊರಟುಹೋದ.

ದೋಷ ಎಲ್ಲಿದೆಯೆಂದು ತಿಳಿದದ್ದೇ ದೊಡ್ಡ ಪ್ರಗತಿ ಎಂದು ಅಕ್ಕನಿಗೆ ಹೇಳಿದೆ. ಮೂರನೇ ದೂರು ದಾಖಲಿಸಿದೆ.

ಮಾರ್ಚ್ 19, ಬುಧವಾರ

ಸಂಜೆ 159. ಈಗ ಅಕ್ಕನ ಕೋಣೆಯಲ್ಲಿ ದೀಪ ಹಚ್ಚುವುದಿಲ್ಲ. ಅಡುಗೆಮನೆಯ ದೀಪದ ಬೆಳಕು ಮುಳ್ಳಿನವರೆಗೆ ಬೀಳುತ್ತದೆ. ಅಷ್ಟು ಸಾಕು ಅಂದಳು.

ಮಾರ್ಚ್ 21, ಶುಕ್ರವಾರ

ಇಬ್ಬರೂ ಕಿಟಕಿಯ ಬಳಿ ಚಹಾ ಕುಡಿಯುತ್ತಿದ್ದೆವು. ಅಕ್ಕ ಲೋಟ ಕೆಳಗಿಟ್ಟು ಕೇಳಿದಳು.

"ಆ ಇನ್ನೂರಿಪ್ಪತ್ತೊಂಬತ್ತು ಬಂದಾಗೆಲ್ಲ ನೀನು ಮನೆಯನ್ನೆಲ್ಲಾ ಯಾಕೆ ಆರಿಸ್ತೀಯ?"

"ಕೆಲಸದವರು ಬರುವಾಗ ಮುಚ್ಚಿಡಬೇಕು ಅಕ್ಕ. ಅದು ಪದ್ಧತಿ."

"ಅದು ನಿನ್ನ ನೀರಿಗೆ. ಲಾರಿ ಕಾಳು ತುಂಬಿಕೊಂಡು ಬಂದಾಗ ಕಟ್ಟೆ ಕುಸಿಯುತ್ತೆ ಅಂತ ನಾನು ದೂರು ಕೊಟ್ಟರೆ, ಮೇಲಿನವರು ಬಂದು ಖಾಲಿ ಲಾರಿ ನಿಲ್ಲಿಸಿ, ಕುಸಿದಿಲ್ಲವಲ್ಲ ಅಂದ ಹಾಗಾಯ್ತು."

ನಾನೂ ಲೋಟ ಕೆಳಗಿಟ್ಟೆ.

"ಎರಡು ಸಲ ಖಾಲಿ ಲಾರಿ ತೂಗಿಸಿದ್ದೀಯಲ್ಲೋ ಪುಣ್ಯಾತ್ಮ," ಅಂದಳು. ಬೈಯುವ ಧಾಟಿ ಇರಲಿಲ್ಲ. ಉಸಿರು ಎರಡು ಕಡೆ ತುಂಡಾಯಿತು, ಅಷ್ಟೆ.

ಎರಡು ವಾರ ಹೋದದ್ದು ನನ್ನಿಂದ. ಇದನ್ನು ಇಲ್ಲಿ ಬರೆಯಲೇಬೇಕು.

ಮಾರ್ಚ್ 24, ಸೋಮವಾರ

ವೋಲ್ಟೇಜು 158. ಅಳೆದದ್ದು ಲೈನ್‌ಮನ್, ಬೆಳಿಗ್ಗೆ ಹನ್ನೊಂದೂ ಕಾಲಿಗೆ, ಎಲ್ಲವೂ ಚಾಲೂ ಇದ್ದಾಗ.

ಈ ಸಲ ಹೀಟರಿನಿಂದ ಇಸ್ತ್ರಿಪೆಟ್ಟಿಗೆಯವರೆಗೆ ಹಚ್ಚಿಟ್ಟಿದ್ದೆ. ಅಕ್ಕ ಸಿಲಿಂಡರಿನಲ್ಲಿದ್ದಳು. ಅವನ ಕಣ್ಣೆದುರೇ ಯಂತ್ರ ಕೂಗಿ ನಿಂತಿತು.

"ಇದನ್ನ ಮೊದಲೇ ತೋರಿಸಬಾರದಾ ಸಾರ್?" ಅಂದ.

ಕೆಳಗೆ ಹೋಗಿ ಪೆಟ್ಟಿಗೆಗೆ ಹಿಂಗೈ ತಾಗಿಸಿ ತೆಗೆದ. "ಇಲ್ಲೇ ಇದೆ. ಎರಡು ಸ್ಕ್ರೂ, ಒಂದು ತುಂಡು ತಂತಿ."

"ಈಗಲೇ ಮಾಡಿಬಿಡಿ ಹಾಗಿದ್ರೆ."

"ಪೆಟ್ಟಿಗೆ ನಮ್ಮದಲ್ಲ ಸಾರ್. ಕಂಬದಿಂದ ಗೋಡೆವರೆಗೆ ನಮ್ದು. ಗೋಡೆ ಒಳಗೆ ಕೂರಿಸಿರೋ ಪೆಟ್ಟಿಗೆ ಕಟ್ಟಡದವರದು. ಮೇಲಿನ ಮೀಟರು ಮತ್ತೆ ನಮ್ದು."

"ಸೀಲು ನಿಮ್ಮದಲ್ವಾ?"

"ಸೀಲು ನಮ್ದು. ಪೆಟ್ಟಿಗೆ ನಮ್ದಲ್ಲ."

"ಸೀಲು ತೆಗೆದುಕೊಡಿ. ನಾನು ಮೇಸ್ತ್ರಿಯನ್ನ ಕರೆಸ್ತೀನಿ."

"ಸೀಲು ತೆಗೆಯೋದಕ್ಕೆ ಎಂಜಿನಿಯರ್ರು ಬರ್ಬೇಕು, ಮಾಲೀಕರು ಒಪ್ಪಿ ಸಹಿ ಹಾಕ್ಬೇಕು. ಇಬ್ಬರೂ ಒಟ್ಟಿಗೆ ಇರ್ಬೇಕು. ಜಂಟಿ ತಪಾಸಣೆ ಅಂತಾರೆ." ಅವನು ಮೇಲೆ ನಮ್ಮ ಮನೆಯ ಕಡೆ ನೋಡಿದ. "ನಂಗೂ ಅಕ್ಕ ಇದ್ದಾಳೆ ಸಾರ್. ನನ್ನ ಕೈಲಿದ್ದಿದ್ರೆ ಇಷ್ಟೊತ್ತಿಗೆ ಮುಗಿಸಿ ಹೋಗ್ತಿದ್ದೆ."

ಅವನು ಹೇಳಿದ್ದರಲ್ಲಿ ನಿಯಮದ ಪ್ರಕಾರ ಒಂದು ಅಕ್ಷರವೂ ತಪ್ಪಿರಲಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ, ಅದೇ ಧ್ವನಿಯಲ್ಲಿ.

ತಪಾಸಣೆಗೆ 31ನೇ ತಾರೀಖು ಕೊಟ್ಟಿದ್ದಾರೆ. ಮನೆಯೊಡತಿ ಬರುತ್ತೇನೆಂದಿದ್ದಾರೆ.

ಮಾರ್ಚ್ 25, ಮಂಗಳವಾರ

"ಸ್ಕ್ರೂಡ್ರೈವರ್ ತಗೊಂಡು ಹೋಗಿ ಕಿತ್ತುಬಿಡು," ಅಂದಳು ಅಕ್ಕ. "ಕೇಸು ಹಾಕಲಿ. ಕಟಕಟೆಗೆ ನನ್ನನ್ನೂ ಸಿಲಿಂಡರ್ ಸಮೇತ ಕರ್ಕೊಂಡು ಹೋಗು."

ಹೋದೆ. ಪೆಟ್ಟಿಗೆಯ ಮುಂದೆ ಸ್ವಲ್ಪ ಹೊತ್ತು ನಿಂತೆ. ಒಳಗಿನ ತಂತಿಯಲ್ಲಿ ಕರೆಂಟು ಇರುತ್ತದೆ. ಆರಿಸುವ ಸ್ವಿಚ್ಚು ಕಂಬದ ಮೇಲಿದೆ. ಸೀಸದ ಗುಂಡನ್ನು ಬೆರಳಿನಿಂದ ತಿರುಗಿಸಿ ನೋಡಿ ಬಂದೆ.

"ಆಯ್ತಾ?"

"ಆರು ದಿನ ಅಕ್ಕ. ಆರೇ ದಿನ."

ಮಾರ್ಚ್ 26, ಬುಧವಾರ

ಮಧ್ಯಾಹ್ನ ಎರಡೂವರೆಗೆ ಯಂತ್ರ ನಿಂತಿತು. ತಿಳಿಸಿದ್ದು ಕೆಳಮಹಡಿಯ ಹೆಂಗಸು. ಕೂಗು ನಿಲ್ಲದ್ದನ್ನು ಕೇಳಿ ಮೇಲೆ ಬಂದರಂತೆ.

ಮನೆಯಲ್ಲಿ ಯಂತ್ರ ಬಿಟ್ಟು ಬೇರೇನೂ ಚಾಲೂ ಇರಲಿಲ್ಲ. ಹಗಲು ಹೊತ್ತು ಬೀಳುತ್ತದೆಂದು ನಾನು ಎಣಿಸಿರಲಿಲ್ಲ.

ಸಿಲಿಂಡರಿನ ಕೀ ನೆಲದ ಮೇಲೆ ಬಿದ್ದಿತ್ತು. ಅಕ್ಕನಿಗೆ ತಿರುಗಿಸಲು ಆಗಿರಲಿಲ್ಲ. ನಿನ್ನೆ ಅದನ್ನು ಬಿಗಿಯಾಗಿ ಮುಚ್ಚಿದ್ದು ನಾನು.

ಆಸ್ಪತ್ರೆ. ಎರಡನೇ ವಾರ್ಡು, ಏಳನೇ ಹಾಸಿಗೆ.

ಮಾರ್ಚ್ 28, ಶುಕ್ರವಾರ

ಅಕ್ಕ ಮಾತಾಡಿದಳು. ತಲೆಯ ಮೇಲೆ ರಕ್ತದ ಆಮ್ಲಜನಕದ ಅಂಕಿ ಬರುವ ಪರದೆ ತೋರಿಸಿ, "ನನ್ನದು ಎಂಬತ್ತೆಂಟು, ಪಕ್ಕದವಳದು ತೊಂಬತ್ನಾಲ್ಕು. ಅವಳಿಗೆ ಒಳ್ಳೇ ಲೈನು ಕೊಟ್ಟಿದ್ದಾರೆ," ಅಂದಳು.

ಡಾಕ್ಟರನ್ನು ಕಂಡೆ. ಮುಂದಿನ ವಾರ ಮನೆಗೆ ಕಳಿಸಬಹುದು. ಆದರೆ ಮನೆಯಲ್ಲಿ ಯಂತ್ರ ನಿಲ್ಲದೆ ನಡೆಯುತ್ತದೆಂದು ವಿದ್ಯುತ್ ಕಚೇರಿಯಿಂದ ಒಂದು ಪತ್ರ ಬೇಕು. "ಇನ್ನೊಂದು ಸಲ ಹೀಗಾದರೆ ಇಲ್ಲಿಯವರೆಗೂ ಬರೋದಿಲ್ಲ ಅವರು," ಅಂದರು. ಅಕ್ಕನಿಗೆ ಪತ್ರದ ವಿಷಯ ಮಾತ್ರ ಹೇಳಿದೆ.

ವಿದ್ಯುತ್ ಕಚೇರಿಗೆ ಹೋದೆ. ಜಂಟಿ ತಪಾಸಣೆಯಾಗಿ ದೋಷ ಸರಿಪಡಿಸಿದ ಮೇಲೆ ಪತ್ರ ಕೊಡುತ್ತಾರೆ. ತಪಾಸಣೆಯವರೆಗೆ ಸೀಲು ಇದ್ದಂತೆಯೇ ಇರಬೇಕು. ತುಂಡಾಗಿದ್ದರೆ ತಪಾಸಣೆ ಇಲ್ಲ, ಪತ್ರವೂ ಇಲ್ಲ. ಸ್ಕ್ರೂಡ್ರೈವರನ್ನು ಮೇಲಿನ ಕಪಾಟಿಗೆ ಎತ್ತಿಟ್ಟೆ.

ಮಾರ್ಚ್ 31, ಸೋಮವಾರ

ಎಂಜಿನಿಯರರು ಬಂದರು. ಲೈನ್‌ಮನ್ ಬಂದ. ಮನೆಯೊಡತಿ ಬರಲಿಲ್ಲ.

ನಲವತ್ತು ನಿಮಿಷ ಮೆಟ್ಟಿಲ ಕೆಳಗೆ ನಿಂತೆವು. ಫೋನು ಮಾಡಿದರೆ, "ಸಹಿ ಹಾಕಿದ್ರೆ ಪೆಟ್ಟಿಗೆ ನಂದು ಅಂತ ಒಪ್ಪಿಕೊಂಡ ಹಾಗಾಗುತ್ತೆ ಅಂತ ನಮ್ಮ ಅಳಿಯ ಹೇಳಿದ್ರು," ಅಂದರು. ಎಂಜಿನಿಯರರು ಫೋನು ತೆಗೆದುಕೊಂಡು, "ಒಪ್ಪದಿದ್ರೆ ಅದು ಯಾರದೂ ಅಲ್ಲದ ಪೆಟ್ಟಿಗೆ ಆಗುತ್ತಮ್ಮಾ," ಅಂದರು. "ಇರಲಿ ಬಿಡಿ," ಎಂದು ಆ ಕಡೆಯಿಂದ ಕೇಳಿಸಿತು.

ಲೈನ್‌ಮನ್ ಪೆಟ್ಟಿಗೆಗೆ ಕೈ ತಾಗಿಸಿದ. ತಣ್ಣಗಿತ್ತು. ಮೇಲೆ ಏನೂ ನಡೆಯುತ್ತಿಲ್ಲವಲ್ಲ.

ತಪಾಸಣೆ ಮುಂದೂಡಲಾಗಿದೆ.

ಏಪ್ರಿಲ್ 3, ಗುರುವಾರ

ಗುಂಡಿಯಂಗಡಿಯಾಕೆ ಕಿಟಕಿಗೆ ಬಂದಳು. ಯಾವ ಹೊತ್ತಿಗೆ ನೀರು ಕಡಿಮೆ ಬರುತ್ತದೆಂದು ಕೇಳಿದೆ. ಬೆಳಿಗ್ಗೆ ಏಳಕ್ಕೆ ಅಂದಳು.

ಏಪ್ರಿಲ್ 4, ಶುಕ್ರವಾರ

ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಇದ್ದುದರಿಂದ ಏಳಕ್ಕೆ ಅವಳ ಬೀದಿಗೆ ಹೋಗಿದ್ದೆ. ನೀರು ನೂಲಿನಂತೆಯೇ ಬರುತ್ತಿತ್ತು. ಬೀದಿಯಲ್ಲಿ ಕಲ್ಲು ಚಪ್ಪಡಿಯ ಕೆಳಗೆ ವಾಲ್ವ್ ಮುಕ್ಕಾಲು ಭಾಗ ಮುಚ್ಚಿತ್ತು. ಹಿಂದಿನ ವರ್ಷ ರಿಪೇರಿಗೆಂದು ಮುಚ್ಚಿದವರು ಪೂರ್ತಿ ತೆರೆದಿರಲಿಲ್ಲ. ತೆರೆದೆ. ಒಳಗೆ ಬಕೆಟ್ಟಿನಲ್ಲಿ ಶಬ್ದವಾಯಿತು. ಅವಳು ಬಾಗಿಲಲ್ಲೇ ನಿಂತಿದ್ದಳು. "ಇಷ್ಟೇನಾ?" ಅಂದಳು.

ರಿಜಿಸ್ಟರಿನಲ್ಲಿ ಇದಕ್ಕೆ ಕಾಲಂ ಇಲ್ಲ. ಪ್ಯಾಂಟಿಗೆ ಕೆಸರಾಯಿತು. ಅಕ್ಕ ಕೇಳಿದಳು, ಬಿದ್ದೆ ಅಂತ ಹೇಳಿದೆ.

ಏಪ್ರಿಲ್ 7, ಸೋಮವಾರ

ಪರದೆಯಲ್ಲಿ 86. ಓದಿದ್ದು ನಾನು. ಅಕ್ಕ ಕೇಳಿದಳು, ಹೇಳಿದೆ.

"ಮುಳ್ಳು ನಿಂತಿತ್ತಾ?"

"ಇಲ್ಲಿ ಮುಳ್ಳಿಲ್ಲ ಅಕ್ಕ. ಬರೀ ಅಂಕಿ."

"ಅದಕ್ಕೇ ಇವರಿಗೆ ಗೊತ್ತಾಗಲ್ಲ."

ಮೊದಲೆಲ್ಲ ಮನೆಗೆ ಯಾವಾಗ ಎಂದು ಕೇಳುತ್ತಿದ್ದಳು. ಇವತ್ತು ಫ್ರಿಜ್ ಒರೆಸಿಟ್ಟಿದ್ದೀಯಾ, ವಾಸನೆ ಬರುತ್ತೆ ಅಂತ ಅಷ್ಟೇ ಕೇಳಿದಳು.

ಮನೆಯೊಡತಿಯ ಬಾಗಿಲಿಗೆ ಹೋಗಿದ್ದೆ. ಮನೆಗೆ ಕಳಿಸಲು ಪತ್ರ ಬೇಕೆಂದು ಡಾಕ್ಟರು ಬರೆದುಕೊಟ್ಟ ಚೀಟಿ ತೋರಿಸಿದೆ. ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿಕೊಂಡರು. "ನಿಮ್ಮಕ್ಕ ನನಗಿಂತ ಎರಡು ವರ್ಷ ಚಿಕ್ಕವರು," ಅಂದರು. ಬರುತ್ತಾರಂತೆ. "ಪೆಟ್ಟಿಗೆ ನಂದು ಅಂತ ಮಾತ್ರ ಬರೆಸಬೇಡಿ ಇವ್ರೇ." ಏನಂತ ಬರೆಯಬೇಕೆಂದು ಎಂಜಿನಿಯರರು ತೀರ್ಮಾನಿಸುತ್ತಾರೆ.

ಏಪ್ರಿಲ್ 9, ಬುಧವಾರ

ಜಂಟಿ ತಪಾಸಣೆ ನಾಳೆ ಹನ್ನೊಂದಕ್ಕೆ. ನೋಟಿಸು ತಂದುಕೊಟ್ಟದ್ದು ಲೈನ್‌ಮನ್. "ದೂರಿಗೆ ಸಂಬಂಧಿಸಿದ ಉಪಕರಣವು ತಪಾಸಣೆಯ ವೇಳೆ ಚಾಲೂ ಸ್ಥಿತಿಯಲ್ಲಿರತಕ್ಕದ್ದು. ದೂರುದಾರರು ಖುದ್ದು ಹಾಜರಿರತಕ್ಕದ್ದು."

ಅಕ್ಕನನ್ನು ಇವತ್ತು ಒಳಗಿನ ವಾರ್ಡಿಗೆ ಸಾಗಿಸಿದರು. ಅಲ್ಲಿ ದಿನಕ್ಕೆ ಒಂದೇ ಗಂಟೆ ನೋಡಲು ಬಿಡುತ್ತಾರೆ, ಹನ್ನೊಂದರಿಂದ ಹನ್ನೆರಡು. ನಾಳೆ ಬರಲು ಆಗುವುದಿಲ್ಲವೆಂದು ಹೇಳಿದೆ. ಬೇರೆ ದಿನ ಕೇಳಲೇ ಎಂದೆ.

ಮುಖದ ಮೇಲಿನ ಮಾಸ್ಕನ್ನು ಒಂದು ಬೆರಳಿನಿಂದ ಎತ್ತಿದಳು.

"ಬೇಡ, ಹೋಗು. ಖಾಲಿ ಲಾರಿ ನಿಲ್ಲಿಸ್ಬೇಡ."

ದಾದಿ ಬಂದು ಮಾಸ್ಕು ಸರಿಮಾಡಿ ನನ್ನನ್ನು ಹೊರಗೆ ಕಳಿಸಿದರು. ಡಾಕ್ಟರು ಪತ್ರದ ವಿಷಯ ಎತ್ತಲಿಲ್ಲ. ನಾನೇ ಎತ್ತಿದೆ. "ತನ್ನಿ, ನೋಡೋಣ," ಅಂದರು.

ಸಂಜೆ ಮನೆಯಲ್ಲಿ ಎಲ್ಲವನ್ನೂ ಹಚ್ಚಿ ನೋಡಿದೆ. ಕೊಳವೆಯ ತುದಿ ದಿಂಬಿನ ಮೇಲಿತ್ತು, ಅಲ್ಲಿಂದ ಸಣ್ಣಗೆ ಗಾಳಿ ಬರುತ್ತಿತ್ತು. ನಾಲ್ಕನೇ ನಿಮಿಷಕ್ಕೆ ಮುಳ್ಳು 157ಕ್ಕೆ ಬಂದು ನಿಂತಿತು. ಯಂತ್ರ ಕೂಗಿತು. ಕೈ ತಾನಾಗಿ ಸಿಲಿಂಡರಿನ ಕೀ ಕಡೆಗೆ ಹೋಯಿತು. ತಿರುಗಿಸಿಯೂ ಬಿಟ್ಟೆ. ಆಮೇಲೆ ಮುಚ್ಚಿದೆ, ಮೆಲ್ಲಗೆ.

ದೋಷ ಇದೆ. ನಾಳೆ ತೋರಿಸಬಹುದು.

ಹತ್ತೂವರೆಗೆ ಯಂತ್ರ, ಫ್ರಿಜ್, ಹೀಟರು, ಇಸ್ತ್ರಿಪೆಟ್ಟಿಗೆ, ಅಕ್ಕನ ಕೋಣೆಯ ದೀಪ ಹಚ್ಚುವುದು. ಯಾವುದನ್ನೂ ಆರಿಸಕೂಡದು. ಹನ್ನೊಂದಕ್ಕೆ ತಪಾಸಣೆ.